ಸಾಲಿನೊಳಗಣ ಎಣಿಕೆ

ಚಿತ್ರದುರ್ಗದ ಒಂದು ಮನೆಯ ಪಡಸಾಲೆಯನ್ನು ಕಲ್ಪಿಸಿಕೊಳ್ಳಬಹುದು. ಗೋಡೆಯ ಮೇಲೆ ಎರಡು ಕ್ಯಾಲೆಂಡರುಗಳು ತೂಗಾಡುತ್ತಿವೆ. ಒಂದು ಬ್ಯಾಂಕಿನವರು ಕೊಟ್ಟದ್ದು. ಇನ್ನೊಂದು ತಿಥಿ, ನಕ್ಷತ್ರ, ರಾಹುಕಾಲಗಳನ್ನೊಳಗೊಂಡ ಪಂಚಾಂಗದ ಮಾದರಿಯದು. ತಿಂಗಳು ಅದೇ, ವಾರಗಳು ಅವೇ, ದಿನಗಳೂ ಅಷ್ಟೇ. ಆದರೂ ಮನೆಯ ಅಜ್ಜಿ ಪಂಚಾಂಗದ ಹಾಳೆಯಲ್ಲಿ ಏಕಾದಶಿಯನ್ನು ತಟ್ಟನೆ ಹುಡುಕಿಬಿಡುತ್ತಾರೆ, ಬ್ಯಾಂಕಿನ ಹಾಳೆಯ ಮುಂದೆ ನಿಂತರೆ ಮಾತ್ರ, "ಇದೇನಪ್ಪ, ಒಂದಾದ ಮೇಲೆ ಎಂಟು ಬಂತಲ್ಲ!" ಎಂದು ಕನ್ನಡಕವನ್ನು ಸರಿಪಡಿಸಿಕೊಳ್ಳುತ್ತಾರೆ.

ದೋಷ ಕನ್ನಡಕದ್ದಲ್ಲ. ಬ್ಯಾಂಕಿನ ಕ್ಯಾಲೆಂಡರಿನಲ್ಲಿ ತಾರೀಖುಗಳು ಎಡದಿಂದ ಬಲಕ್ಕೆ ಅಡ್ಡಸಾಲಿನಲ್ಲಿ ನಡೆಯುತ್ತವೆ. ಏಳು ಮನೆ ತುಂಬಿದ ಮೇಲೆ ಕೆಳಗಿನ ಸಾಲಿಗೆ ಇಳಿಯುತ್ತವೆ. ಇನ್ನೊಂದರಲ್ಲಿ ಅವು ಮೇಲಿನಿಂದ ಕೆಳಕ್ಕೆ ಇಳಿದು, ಏಳು ಮನೆ ಮುಗಿದ ಮೇಲೆ ಪಕ್ಕದ ಕಂಬಸಾಲಿಗೆ ಹೋಗುತ್ತವೆ. ಚೌಕದ ಮನೆಗಳಲ್ಲಿ ಭೇದವಿಲ್ಲ. ಅವುಗಳನ್ನು ಎಣಿಸಿದ ಕ್ರಮದಲ್ಲಿ ಭೇದವಿದೆ. ಅಡ್ಡಕ್ಕೆ ಓದಿ ಅಭ್ಯಾಸವಾದ ಮೊಮ್ಮಗನಿಗೆ ಪಂಚಾಂಗದ ಹಾಳೆಯಲ್ಲಿ ಇದೇ ತೊಡಕು ಎದುರಾಗುತ್ತದೆ.

ಇಷ್ಟು ಸಣ್ಣ ಸಂಗತಿಗೆ ಇಷ್ಟು ಪೀಠಿಕೆಯೇಕೆಂದು ವಾಚಕರಿಗೆ ಅನ್ನಿಸಬಹುದು. ಆದರೆ ಆ ಮೊಮ್ಮಗನು ಗಣಕಯಂತ್ರದ ಮುಂದೆ ಕುಳಿತು ಪರದೆಯ ಮೇಲೆ ನಾಲ್ಕು ಸಾಲು, ಸಾಲಿಗೆ ಐದರಂತೆ ಇಪ್ಪತ್ತು ಗುಂಡಿಗಳನ್ನು ಮೂಡಿಸಿ, ಅವುಗಳಿಗೆ ಒಂದರಿಂದ ಇಪ್ಪತ್ತರವರೆಗೆ ಸಂಖ್ಯೆ ಕೊಡಲು ಹೊರಟರೆ ಎದುರಾಗುವ ಸಮಸ್ಯೆ ಇದೇ. ಯಂತ್ರಕ್ಕೆ ಅಜ್ಜಿಯಷ್ಟು ತಾಳ್ಮೆಯೂ ಇಲ್ಲ, "ಇದೇನಪ್ಪ" ಎಂದು ಕೇಳುವ ಸೌಜನ್ಯವೂ ಇಲ್ಲ. ಹೇಳಿದ್ದನ್ನು ಹೇಳಿದಂತೆಯೇ ಮಾಡಿ ಸುಮ್ಮನಾಗುತ್ತದೆ.

ಸುತ್ತಿನೊಳಗಿನ ಸುತ್ತು

ಗಣಕಯಂತ್ರಕ್ಕೆ ಈ ಕೆಲಸವನ್ನು ಒಪ್ಪಿಸುವ ವಿಧಾನಕ್ಕೆ 'ಸುತ್ತಿನೊಳಗಿನ ಸುತ್ತು' ಎನ್ನಬಹುದು. ಏಳು ಸುತ್ತಿನ ಕೋಟೆಯ ಊರಿನವರಿಗೆ ಈ ಮಾತು ಹೊಸದಾಗಿ ಕೇಳಿಸಲಾರದು. ಒಂದು ವ್ಯತ್ಯಾಸ ಮಾತ್ರ ಉಂಟು. ಕೋಟೆಯ ಸುತ್ತುಗಳು ಕಟ್ಟಿದೆಡೆಯಲ್ಲಿಯೇ ನಿಂತಿವೆ. ಗಣಕದ ಒಳಸುತ್ತಾದರೋ, ಹೊರಸುತ್ತು ಒಂದು ಹೆಜ್ಜೆ ಇಟ್ಟಾಗಲೆಲ್ಲ ಮೊದಲಿನಿಂದ ಕೊನೆಯವರೆಗೆ ಒಮ್ಮೆ ಪೂರ್ತಿಯಾಗಿ ತಿರುಗುತ್ತದೆ. ಗಡಿಯಾರದಲ್ಲಿ ನಿಮಿಷದ ಮುಳ್ಳು ಅರವತ್ತು ಗೆರೆಗಳನ್ನು ದಾಟಿ ಬಂದಾಗ ಗಂಟೆಯ ಮುಳ್ಳು ಒಂದು ಮನೆ ಸರಿದಿರುವಂತೆಯೇ ಇದು. ಹೊರಸುತ್ತು ಸಾಲನ್ನು ಹಿಡಿದು ನಿಲ್ಲುತ್ತದೆ. ಒಳಸುತ್ತು ಆ ಸಾಲಿನ ಮನೆಗಳನ್ನು ಒಂದೊಂದಾಗಿ ಮುಟ್ಟುತ್ತದೆ. ಸಾಲು ಮುಗಿದೊಡನೆ ಹೊರಸುತ್ತು ಮುಂದಿನ ಸಾಲಿಗೆ ಕಾಲಿಡುತ್ತದೆ. ಒಳಸುತ್ತು ಮರಳಿ ಸಾಲಿನ ತಲೆಗೆ ಬರುತ್ತದೆ.

ಇದನ್ನು ಪರದೆಯ ಮೇಲೆ ನೋಡುವುದಕ್ಕಿಂತ ತೋಟದಲ್ಲಿ ನಡೆದು ನೋಡುವುದು ಸುಲಭ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳಲ್ಲಿ ಅಡಿಕೆ, ತೆಂಗಿನ ತೋಟಗಳನ್ನು ಕಾಣದವರು ವಿರಳ. ಅಡಿಕೆಗೆ ಸಾಮಾನ್ಯವಾಗಿ ಹೇಳುವ ಅಂತರ ೨.೭ ಮೀಟರು, ಅಂದರೆ ಸುಮಾರು ಒಂಬತ್ತು ಅಡಿ. ಸಾಲಿಗೂ ಅಷ್ಟೇ, ಸಾಲಿನೊಳಗೆ ಮರಕ್ಕೂ ಅಷ್ಟೇ. ಈ ಲೆಕ್ಕದಲ್ಲಿ ಒಂದು ಹೆಕ್ಟೇರಿಗೆ ೧,೩೭೧ ಮರಗಳು ಹಿಡಿಯುತ್ತವೆ. ತೆಂಗಿಗೆ ಅಂತರ ಹೆಚ್ಚು, ೭.೫ ಮೀಟರಿನಂತೆ ನೆಟ್ಟರೆ ಹೆಕ್ಟೇರಿಗೆ ೧೭೭ ಮಾತ್ರ. ಹಗ್ಗ ಹಿಡಿದು ಗುಣಿ ತೆಗೆಸಿದ ತೋಟವೆಂದರೆ ನೆಲದ ಮೇಲೆ ಬರೆದ ಚೌಕಮನೆಗಳ ಹಾಳೆಯೇ ಸರಿ.

ಹೊಳಲ್ಕೆರೆಯ ಕಡೆ ಅಂಥ ಒಂದು ತೋಟವಿದೆಯೆಂದು ಎಣಿಸಬಹುದು. ಇಪ್ಪತ್ತು ಸಾಲು, ಸಾಲಿಗೆ ಮೂವತ್ತು ಮರ, ಒಟ್ಟು ಆರುನೂರು. ಒಂದೆಕರೆಗೆ ತುಸು ಮೇಲಿನ ಜಾಗ. ತೋಟದ ಯಜಮಾನರು ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಲೆಕ್ಕವಿಲ್ಲದೆ ಒಂದು ಗೊನೆಯನ್ನೂ ಇಳಿಸದವರು. ಯಾವ ಮರ ಎಷ್ಟು ಗೊನೆ ಬಿಟ್ಟಿತು, ಎಷ್ಟು ಕಾಯಿ ಕಚ್ಚಿತು, ಯಾವುದಕ್ಕೆ ರೋಗ ತಗಲಿತು ಎಂಬುದನ್ನು ಬರೆದಿಡಬೇಕೆಂದು ಅವರ ಆಸೆ. ಬರೆಯಬೇಕಾದರೆ ಮರಕ್ಕೊಂದು ನಂಬರು ಬೇಕು.

ಬಾವಿಯ ಕಡೆಯ ಮೂಲೆಯಿಂದ ಆರಂಭಿಸಿ ಮೊದಲ ಸಾಲಿಗೆ ೧ರಿಂದ ೩೦. ಎರಡನೆಯ ಸಾಲಿಗೆ ೩೧ರಿಂದ ೬೦. ಹೀಗೆ ನಡೆದರೆ ಇಪ್ಪತ್ತನೆಯ ಸಾಲಿನ ಕೊನೆಯ ಮರಕ್ಕೆ ೬೦೦ ಬರುತ್ತದೆ. ಏಳನೆಯ ಸಾಲಿನ ಹನ್ನೆರಡನೆಯ ಮರದ ನಂಬರೆಷ್ಟು? ಅದಕ್ಕೆ ಮುಂಚೆ ಆರು ಸಾಲುಗಳು ಪೂರ್ತಿ ಮುಗಿದಿವೆ. ಆರು ಮೂವತ್ತಲೆ ನೂರ ಎಂಬತ್ತು. ಅದಕ್ಕೆ ಹನ್ನೆರಡು ಕೂಡಿದರೆ ೧೯೨. ಗಣಕಯಂತ್ರವು ಮಾಡುವುದೂ ಇಷ್ಟೇ: ದಾಟಿಬಂದ ಸಾಲುಗಳನ್ನು ಸಾಲಿನ ಉದ್ದದಿಂದ ಗುಣಿಸಿ, ಸಾಲಿನೊಳಗಿನ ಸ್ಥಾನವನ್ನು ಕೂಡುವುದು.

ತಪ್ಪುಗಳ ಸರಣಿ

ಲೆಕ್ಕ ಇಷ್ಟು ಸರಳವಾಗಿದ್ದರೂ, ಕಲಿಯುವವರು ಎಡವುವ ಕಲ್ಲುಗಳು ನಾಲ್ಕೈದು ಉಂಟು.

ಮೊದಲನೆಯದು, ಗುಣಿಸುವಾಗ ಸಾಲಿನ ಉದ್ದದ ಬದಲು ಸಾಲುಗಳ ಸಂಖ್ಯೆಯನ್ನು ಹಿಡಿಯುವುದು. ಮೂವತ್ತರ ಬದಲು ಇಪ್ಪತ್ತರಿಂದ ಗುಣಿಸಿದರೆ ಮೊದಲ ಸಾಲಿನ ಇಪ್ಪತ್ತೈದನೆಯ ಮರಕ್ಕೂ ೨೫, ಎರಡನೆಯ ಸಾಲಿನ ಐದನೆಯ ಮರಕ್ಕೂ ೨೫. ಎರಡು ಮರಕ್ಕೆ ಒಂದೇ ಹೆಸರು. ಸಾಲುಗಳೂ ಮರಗಳೂ ಸಮವಾಗಿರುವ ಚೌಕ ತೋಟದಲ್ಲಿ ಈ ತಪ್ಪು ಕಾಣಿಸಿಕೊಳ್ಳುವುದೇ ಇಲ್ಲ. ಅದರಿಂದಲೇ ಇದು ಬಹುಕಾಲ ಅಡಗಿ ಕುಳಿತು, ಉದ್ದನೆಯ ತೋಟಕ್ಕೆ ಹೋದ ದಿನ ಹೊರಬೀಳುತ್ತದೆ.

ಎರಡನೆಯದು, ಒಳಸುತ್ತನ್ನು ಸಾಲಿನ ತಲೆಗೆ ಮರಳಿಸಲು ಮರೆಯುವುದು. ಮೊದಲ ಸಾಲಿನ ತುದಿ ಮುಟ್ಟಿದ ಆಳು ಅಲ್ಲಿಯೇ ನಿಂತುಬಿಟ್ಟಂತೆ. ಎರಡನೆಯ ಸಾಲಿಗೆ ಕರೆದಾಗ, "ನನ್ನ ಮೂವತ್ತು ಮುಗಿಯಿತಲ್ಲ" ಎನ್ನುತ್ತಾನೆ. ಹೊರಸುತ್ತು ಇಪ್ಪತ್ತು ಹೆಜ್ಜೆ ಇಟ್ಟರೂ ನಂಬರು ಬೀಳುವುದು ಮೊದಲ ಸಾಲಿಗೆ ಮಾತ್ರ.

ಮೂರನೆಯದು ಸೊನ್ನೆಯ ತಕರಾರು. ಗಣಕಯಂತ್ರದ ಅನೇಕ ಭಾಷೆಗಳಲ್ಲಿ ಎಣಿಕೆ ಒಂದರಿಂದಲ್ಲ, ಸೊನ್ನೆಯಿಂದ ತೊಡಗುತ್ತದೆ. ಇದು ಪರದೇಶದವರ ವಿಚಿತ್ರ ಪದ್ಧತಿಯೆಂದು ಹುಬ್ಬೇರಿಸುವವರು ತಮ್ಮ ಮನೆಯ ಮಾತನ್ನು ನೆನೆದರೆ ಸಾಕು. ಮಗುವಿನ ವಯಸ್ಸೆಷ್ಟೆಂದು ಕೇಳಿದರೆ, "ಆರು ತುಂಬಿ ಏಳು ನಡೆಯುತ್ತಿದೆ" ಎನ್ನುವುದುಂಟು. ತುಂಬಿದ ಲೆಕ್ಕ ಬೇರೆ, ನಡೆಯುತ್ತಿರುವ ಲೆಕ್ಕ ಬೇರೆ. ಮನುಷ್ಯರು ಮರವನ್ನು ನಡೆಯುವ ಲೆಕ್ಕದಲ್ಲಿ 'ಏಳನೆಯ ಸಾಲು' ಎಂದರೆ, ಯಂತ್ರವು ತುಂಬಿದ ಲೆಕ್ಕದಲ್ಲಿ 'ಆರು ಸಾಲು ದಾಟಿದೆ' ಎನ್ನುತ್ತದೆ. ಮೊದಲ ಸಾಲಿನಲ್ಲಿ ನಿಂತವನು ದಾಟಿದ ಸಾಲು ಸೊನ್ನೆ.

ಇದರ ಪ್ರಯೋಜನ ಹಿಮ್ಮುಖವಾಗಿ ಲೆಕ್ಕ ಹಾಕುವಾಗ ತಿಳಿಯುತ್ತದೆ. ೧೯೨ನೆಯ ಮರ ಎಲ್ಲಿದೆ? ಅದಕ್ಕೆ ಮುಂಚೆ ೧೯೧ ಮರಗಳಿವೆ. ೧೯೧ನ್ನು ಮೂವತ್ತರಿಂದ ಭಾಗಿಸಿದರೆ ಆರು ಬಂದು ಹನ್ನೊಂದು ಉಳಿಯುತ್ತದೆ. ಆರು ಸಾಲು ತುಂಬಿವೆ, ಏಳು ನಡೆಯುತ್ತಿದೆ. ಸಾಲಿನಲ್ಲಿ ಹನ್ನೊಂದು ಮರ ದಾಟಿವೆ, ಎದುರಿಗಿರುವುದು ಹನ್ನೆರಡನೆಯದು. ಒಂದನ್ನು ಕಳೆಯದೆ ನೇರವಾಗಿ ಭಾಗಿಸಿದವರು ೩೦ನೆಯ ಮರದಲ್ಲಿ ಸಿಕ್ಕಿಬೀಳುತ್ತಾರೆ: ಭಾಗಲಬ್ಧ ಒಂದು, ಶೇಷ ಸೊನ್ನೆ. ಅಂದರೆ ಎರಡನೆಯ ಸಾಲಿನ ಸೊನ್ನೆಯ ಮರ! ಅಂಥ ಮರ ತೋಟದಲ್ಲಿಲ್ಲ. ತಪ್ಪು ಸಾಲಿನ ನಡುವೆ ಇಣುಕದೆ ಸಾಲಿನ ಅಂಚಿನಲ್ಲಿ ಮಾತ್ರ ಹೊಂಚಿ ಕುಳಿತಿರುತ್ತದೆ.

ನಾಲ್ಕನೆಯದು ತುಸು ತಮಾಷೆಯದು. ಇಪ್ಪತ್ತು ಗುಂಡಿಗಳನ್ನೂ ಸರಿಯಾಗಿ ಎಣಿಸಿ ಕೂರಿಸಿದ ಮೇಲೆ, ಯಾವುದನ್ನು ಒತ್ತಿದರೂ ಅದು ಕೊನೆಯ ಸಂಖ್ಯೆಯನ್ನೇ ಕೂಗುತ್ತದೆ. ಗುಂಡಿಗೆ ಅದರ ನಂಬರನ್ನು ಬರೆದುಕೊಡುವ ಬದಲು, 'ಎಣಿಕೆಯವನನ್ನು ಕೇಳು' ಎಂದು ಹೇಳಿದ್ದರ ಫಲವಿದು. ತೋಟದಲ್ಲಿ ಮರದ ಮೇಲೆ ಬಣ್ಣದಿಂದ ನಂಬರು ಬರೆಯದೆ, 'ಮೇಸ್ತ್ರಿಯ ಪುಸ್ತಕ ನೋಡಿ' ಎಂದು ಬರೆದಂತೆ. ಎಣಿಕೆ ಮುಗಿದ ಮೇಲೆ ಮೇಸ್ತ್ರಿಯ ಪುಸ್ತಕದಲ್ಲಿ ಉಳಿದಿರುವುದು ೬೦೦ ಮಾತ್ರ. ಆರುನೂರು ಮರಗಳೂ ಅದನ್ನೇ ಹೇಳುತ್ತವೆ.

ಹಾವಿನ ನಡೆ

ಕ್ರಮ ಒಂದೇ ಇರಬೇಕೆಂದೇನೂ ಇಲ್ಲ. ಹೊರಸುತ್ತು, ಒಳಸುತ್ತುಗಳನ್ನು ಅದಲುಬದಲು ಮಾಡಿದರೆ ಎಣಿಕೆ ಪಂಚಾಂಗದ ಹಾಳೆಯಂತೆ ಇಳಿಯುತ್ತದೆ. ಆಗ ಅದೇ ಏಳನೆಯ ಸಾಲಿನ ಹನ್ನೆರಡನೆಯ ಮರಕ್ಕೆ ಬರುವ ನಂಬರು ೨೨೭. ಇನ್ನೊಂದು ಕ್ರಮ ಉಳುವ ಎತ್ತಿನದು. ಎತ್ತು ಹೊಲದ ತುದಿ ಮುಟ್ಟಿ, ಬರಿದೇ ಹಿಂದಕ್ಕೆ ಬಂದು ಮತ್ತೆ ಮೊದಲಿನಿಂದ ಗೆರೆ ಎಳೆಯುವುದಿಲ್ಲ. ತುದಿಯಲ್ಲಿ ತಿರುಗಿ ಬರುತ್ತಾ ಇನ್ನೊಂದು ಗೆರೆ ಎಳೆಯುತ್ತದೆ. ಹೀಗೆ ಎಣಿಸಿದರೆ ೩೦ರ ಪಕ್ಕದಲ್ಲಿಯೇ ೩೧ ಬರುತ್ತದೆ. ಎರಡನೆಯ ಸಾಲಿನ ತಲೆಯ ಮರ ೬೦ ಆಗುತ್ತದೆ. ಸಾಲಿನ ಉದ್ದ ಸುಮಾರು ೭೮ ಮೀಟರು. ಹತ್ತೊಂಬತ್ತು ಸಲ ಬರಿಗೈಯಲ್ಲಿ ಮರಳುವುದು ತಪ್ಪಿದರೆ ಬಣ್ಣದ ಡಬ್ಬಿ ಹಿಡಿದವನಿಗೆ ಒಂದೂವರೆ ಕಿಲೋಮೀಟರಿನಷ್ಟು ನಡಿಗೆ ಉಳಿಯಿತು. ಕೆಲಸ ಮಾಡುವವನಿಗೆ ಇದು ಹಿತ. ಆಮೇಲೆ ಪುಸ್ತಕ ಓದುವವನಿಗೆ, ಕ್ರಮ ತಿಳಿಯದಿದ್ದರೆ, ಗೊಂದಲ.

ಹಿರಿಯೂರಿನ ಬಳಿಯ ಬಬ್ಬೂರು ಫಾರಂ ಕೃಷಿ ಸಂಶೋಧನೆಗೆ ಹೆಸರಾದ ಸ್ಥಳ. ಇಂಥ ಪ್ರಯೋಗಕ್ಷೇತ್ರಗಳ ಕೆಲಸದಲ್ಲಿ ಎಣಿಕೆಯ ಈ ವಿವೇಕ ಹಳೆಯದು. ಬೇರೆ ಬೇರೆ ತಳಿಗಳನ್ನು ಸಣ್ಣ ಮಡಿಗಳಲ್ಲಿ ಬಿತ್ತಿ, ಅದೇ ಪ್ರಯೋಗವನ್ನು ಹೊಲದ ಬೇರೆ ಬೇರೆ ಖಂಡಗಳಲ್ಲಿ ಪುನರಾವರ್ತಿಸುವುದು ಈ ಶಾಸ್ತ್ರದ ರೂಢಿ. ಮೊದಲ ಖಂಡದ ಮಡಿಗಳಿಗೆ ೧೦೧, ೧೦೨, ೧೦೩. ಎರಡನೆಯ ಖಂಡಕ್ಕೆ ೨೦೧, ೨೦೨ ಎಂದು ನಂಬರು ಕೊಡುವುದು ಲೋಕದಲ್ಲೆಲ್ಲ ಕಾಣುವ ಪದ್ಧತಿ. ಇಲ್ಲಿ ನೂರರ ಸ್ಥಾನ ಹೊರಸುತ್ತು, ಉಳಿದದ್ದು ಒಳಸುತ್ತು. ೧೦೯ ಆದಮೇಲೆ ಒಮ್ಮೆಗೇ ೨೦೧ ಬಂದರೆ ನಡುವಣ ಸಂಖ್ಯೆಗಳು ಕಳೆದುಹೋದವೆಂದಲ್ಲ. ಸಂಖ್ಯೆಯೇ ತನ್ನ ವಿಳಾಸವನ್ನು ಹೇಳುತ್ತಿದೆಯೆಂದು ಅರ್ಥ. ಇದರ ಬೆಲೆ ಹೊಳಲ್ಕೆರೆಯ ಆ ಮೇಷ್ಟರಿಗೆ ತಿಳಿದುಬಂದದ್ದು ಹೇಗೆಂಬುದನ್ನು ಈಗ ನೋಡಬಹುದು.

ತಾಯಿಮರದ ಸಂಗತಿ

ಅಡಿಕೆ ಸಸಿ ಮಾಡುವವರು ಕಂಡ ಕಂಡ ಮರದ ಗೋಟನ್ನು ಬೀಜಕ್ಕೆ ಆಯುವುದಿಲ್ಲ. ಬೇಗ ಫಲಕ್ಕೆ ಬಂದ, ತಲೆಯಲ್ಲಿ ಎಲೆ ಹೆಚ್ಚಿರುವ, ಕಾಂಡದ ಗಿಣ್ಣುಗಳು ಹತ್ತಿರ ಹತ್ತಿರ ಇರುವ, ಕಾಯಿ ಚೆನ್ನಾಗಿ ಕಚ್ಚುವ ಮರವನ್ನು ಕೆಲವು ವರ್ಷ ಗಮನಿಸಿ 'ತಾಯಿಮರ'ವೆಂದು ಆರಿಸುತ್ತಾರೆ. ಮೇಷ್ಟರ ಪುಸ್ತಕದಲ್ಲಿ ಮೂರು ವರ್ಷ ಸತತವಾಗಿ ಮೇಲುಗೈಯಾದ ಮರ ೧೯೨.

ಅಷ್ಟರಲ್ಲಿ ಬರ ಬಂತು. ಕೊಳವೆಬಾವಿ ಬತ್ತಿದಾಗ ಟ್ಯಾಂಕರಿನಲ್ಲಿ ನೀರು ತರಿಸಿ ಅಡಿಕೆಯ ಬುಡಕ್ಕೆ ಹೊಯ್ಯುವ ಕಷ್ಟವನ್ನು ಈ ಸೀಮೆಯ ತೋಟಗಾರರು ಬಲ್ಲರು. ಎಷ್ಟು ಹೊಯ್ದರೂ ಎರಡನೆಯ ಸಾಲಿನ ಹತ್ತನೆಯ ಮರ, ಅಂದರೆ ೪೦ನೆಯದು, ಉಳಿಯಲಿಲ್ಲ, ಕಡಿಸಿ ಹಾಕಿದರು. ಮರುವರ್ಷ ಮಳೆಬಿಸಿಲಿಗೆ ಮಾಸಿದ ನಂಬರುಗಳನ್ನು ಹೊಸದಾಗಿ ಬರೆಯಲು ಬಂದ ಆಳು ನಿಷ್ಠಾವಂತ. ಕಣ್ಣೆದುರಿಗಿದ್ದ ಮರಗಳನ್ನೆಲ್ಲ ಒಂದನ್ನೂ ಬಿಡದೆ ಎಣಿಸಿದ. ಇಲ್ಲದ ಮರವನ್ನು ಎಣಿಸಲಿಲ್ಲ. ೪೧ ಇದ್ದದ್ದು ೪೦ ಆಯಿತು; ೪೨ ಇದ್ದದ್ದು ೪೧. ಹೀಗೆ ಐನೂರ ಅರವತ್ತು ಮರಗಳು ಸದ್ದಿಲ್ಲದೆ ಒಂದೊಂದು ಮನೆ ಹಿಂದಕ್ಕೆ ಸರಿದವು. ೧೯೨ ಎಂಬ ಬಣ್ಣ ಈಗ ಬಿದ್ದದ್ದು ಏಳನೆಯ ಸಾಲಿನ ಹದಿಮೂರನೆಯ ಮರದ ಮೇಲೆ; ಅದು ಸಾಧಾರಣ ಮರ.

ಮೇಷ್ಟರು ಪುಸ್ತಕ ನೋಡಿ, ಬಣ್ಣ ನೋಡಿ, ಆ ಮರದಿಂದ ಗೋಟು ಇಳಿಸಿ ಪಾತಿಯಲ್ಲಿ ಊರಿಸಿದರು. ಅಡಿಕೆ ಫಲಕ್ಕೆ ಬರಲು ನೆಟ್ಟಮೇಲೆ ಐದಾರು ವರ್ಷ ಬೇಕು. ಅಷ್ಟು ಕಾಲ ನೀರು, ಗೊಬ್ಬರ, ಆಳುಕಾಳು ಎಲ್ಲವೂ ಖರ್ಚಾಗಿ, ಕೊನೆಯಲ್ಲಿ ಸಸಿ ತಾಯಿಯನ್ನು ಹೋಲದಿದ್ದರೆ ಯಾರನ್ನು ದೂರುವುದು? ಹವೆಯನ್ನೋ, ನೆಲವನ್ನೋ, ದೈವವನ್ನೋ ದೂರಿ ಸುಮ್ಮನಾಗಬೇಕು. ನಂಬರಿನ ಮೇಲೆ ಯಾರಿಗೂ ಸಂಶಯ ಬಾರದು.

ರಜೆಗೆ ಬೆಂಗಳೂರಿನಿಂದ ಬಂದ ಮಗಳು ಪುಸ್ತಕವನ್ನು ತಿರುವಿದಳು. ಅವಳ ಉದ್ಯೋಗವೇ ಗಣಕಯಂತ್ರಕ್ಕೆ ಸೂಚನೆ ಬರೆಯುವುದು. ಮೊದಲ ವರ್ಷದ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದದ್ದು ಅವಳ ಕಣ್ಣಿಗೆ ಬಿತ್ತು: '೧೯೨, ಏಳನೆಯ ಸಾಲು, ಹನ್ನೆರಡನೆಯದು.'

"ಅಪ್ಪ, ಸತ್ತ ಮರಕ್ಕೆ ನಂಬರು ಬಿಟ್ಟಿದ್ದಾರೋ, ಇಲ್ಲವೋ?"

"ಸತ್ತ ಮರಕ್ಕೆ ನಂಬರು ಏಕಮ್ಮ?"

"ಮರಕ್ಕಲ್ಲ ಅಪ್ಪ, ಜಾಗಕ್ಕೆ."

ಇಬ್ಬರೂ ತೋಟಕ್ಕೆ ಹೋದರು. ಏಳನೆಯ ಸಾಲಿನಲ್ಲಿ ಎಣಿಸುತ್ತಾ ನಡೆದು ಹನ್ನೆರಡನೆಯ ಮರದ ಬಳಿ ನಿಂತರು. ಅದರ ಮೇಲಿದ್ದ ಬಣ್ಣ ೧೯೧. ಮೇಷ್ಟರು ಕೆಲವು ಹೊತ್ತು ಮಾತನಾಡಲಿಲ್ಲ. ಪಾತಿಯಲ್ಲಿ ಮೊಳೆತಿದ್ದ ಸಸಿಗಳನ್ನು ಕಿತ್ತುಹಾಕಬೇಕಾಯಿತು. ಒಂದು ವರ್ಷ ಕೈಬಿಟ್ಟಿತು. ಅಂಚಿನ ಆ ಪೆನ್ಸಿಲಿನ ಗೀಟು ಇಲ್ಲದಿದ್ದರೆ ಏಳೆಂಟು ವರ್ಷ ಕೈಬಿಡುತ್ತಿತ್ತು.

ಅಂದಿನಿಂದ ಆ ತೋಟದಲ್ಲಿ ಮರಗಳಿಗೆ ಬರೆಯುವುದು ಜೋಡಿ ಸಂಖ್ಯೆ: ೭–೧೨. ಮರ ಸತ್ತರೆ ೨–೧೦ ಬರಿದಾಗಿರುತ್ತದೆಯೇ ಹೊರತು, ಪಕ್ಕದ ಮರ ಆ ಹೆಸರನ್ನು ಕದಿಯುವುದಿಲ್ಲ. ಅಲ್ಲಿಯೇ ಹೊಸ ಸಸಿ ನೆಟ್ಟರೆ ಅದೇ ಸ್ಥಾನ. ನೆಟ್ಟ ವರ್ಷವನ್ನು ಮಾತ್ರ ಪುಸ್ತಕದಲ್ಲಿ ಮುಂದೆ ಬರೆಯುತ್ತಾರೆ.

ಅಂಗಡಿಯಲ್ಲೂ ಇದೇ

ಪರದೆಯ ಗುಂಡಿಗಳಿಗೂ ಇದೇ ನ್ಯಾಯ. ಹೋಟೆಲಿನ ಗಲ್ಲಾಪೆಟ್ಟಿಗೆಯ ಬಳಿಯ ಯಂತ್ರದಲ್ಲಿ ಇಪ್ಪತ್ತು ತಿಂಡಿಗಳಿಗೆ ಇಪ್ಪತ್ತು ಗುಂಡಿಗಳಿವೆಯೆಂದು ಭಾವಿಸಬಹುದು. ಒಂಬತ್ತನೆಯದಾದ ಕೇಸರಿಬಾತನ್ನು ನಿಲ್ಲಿಸಿ, ಆ ಗುಂಡಿಯನ್ನು ತೆಗೆದು, ಉಳಿದವನ್ನು ಮೊದಲಿನಿಂದ ಎಣಿಸಿಬಿಟ್ಟರೆ, ಕೈ ಅಭ್ಯಾಸದಿಂದ ಹನ್ನೆರಡನ್ನು ಒತ್ತುವ ಗುಮಾಸ್ತನು ಖಾಲಿ ದೋಸೆ ತಿಂದವರಿಗೆ ಪೂರಿಯ ಬಿಲ್ಲು ಕೊಡುತ್ತಾನೆ.

ಮನೆಯೊಳಗೇ ಇರುವ ಇನ್ನೊಂದು ಉದಾಹರಣೆಯನ್ನು ಹಲವರು ಗಮನಿಸಿರಲಾರರು. ಲೆಕ್ಕ ಮಾಡುವ ಕ್ಯಾಲ್ಕುಲೇಟರಿನಲ್ಲಿ ಮೇಲಿನ ಸಾಲು ೭, ೮, ೯. ಟೆಲಿಫೋನಿನ ಗುಂಡಿಗಳಲ್ಲಿ ಮೇಲಿನ ಸಾಲು ೧, ೨, ೩. ಒಂಬತ್ತು ಮನೆಗಳು ಅವೇ. ಹೊರಸುತ್ತು ಒಂದರಲ್ಲಿ ಕೆಳಗಿನಿಂದ ಮೇಲಕ್ಕೆ, ಇನ್ನೊಂದರಲ್ಲಿ ಮೇಲಿನಿಂದ ಕೆಳಕ್ಕೆ. ಅಮೆರಿಕದ ಬೆಲ್ ಸಂಸ್ಥೆಯವರು ಗುಂಡಿಗಳ ಹಲವು ಬಗೆಯ ಜೋಡಣೆಗಳನ್ನು ಜನರ ಕೈಯಲ್ಲಿ ಒತ್ತಿಸಿ ನೋಡಿ, ೧೯೬೦ರಲ್ಲಿ ಆ ಪರೀಕ್ಷೆಯ ವರದಿಯನ್ನು ಪ್ರಕಟಿಸಿದರು. ೧೯೬೩ರಲ್ಲಿ ಗುಂಡಿಯ ಟೆಲಿಫೋನು ಬಳಕೆಗೆ ಬಂತು. ಇಂದು ಒಂದೇ ಕೈಫೋನಿನೊಳಗೆ ಎರಡು ಕ್ರಮಗಳೂ ಅಕ್ಕಪಕ್ಕದಲ್ಲಿ ಬಾಳುತ್ತಿವೆ.

ಹಿರಿಯರ ಪ್ರಸ್ತಾರ

ಇದೆಲ್ಲ ಯಂತ್ರಯುಗದ ಕಸರತ್ತೆಂದು ತಿಳಿಯಬೇಕಾಗಿಲ್ಲ. ಛಂದಸ್ಸು ಓದಿದವರಿಗೆ 'ಪ್ರಸ್ತಾರ' ಎಂಬ ಮಾತು ಪರಿಚಿತ. ಮೂರು ಅಕ್ಷರಗಳಲ್ಲಿ ಗುರು ಲಘುಗಳನ್ನು ಎಷ್ಟು ಬಗೆಯಾಗಿ ಜೋಡಿಸಬಹುದು? ಎಂಟು. ಅವೇ ಎಂಟು ಅಕ್ಷರಗಣಗಳು. ಮೂರೂ ಗುರುವಾದ ಮಗಣದಿಂದ ತೊಡಗಿ, ಮೂರೂ ಲಘುವಾದ ನಗಣದವರೆಗೆ ಅವುಗಳನ್ನು ಕ್ರಮವಾಗಿ ಬರೆಯುವಾಗ ಮೊದಲ ಅಕ್ಷರ ಪ್ರತಿ ಸಾಲಿಗೂ ಬದಲಾಗುತ್ತದೆ, ಎರಡನೆಯದು ಎರಡು ಸಾಲಿಗೊಮ್ಮೆ, ಮೂರನೆಯದು ನಾಲ್ಕು ಸಾಲಿಗೊಮ್ಮೆ. ಒಳಸುತ್ತು, ನಡುಸುತ್ತು, ಹೊರಸುತ್ತು!

ಪ್ರಸ್ತಾರದ ಹಾಳೆ ಕಣ್ಮುಂದೆ ಇಲ್ಲದಿದ್ದರೂ, ಸಾಲಿನ ಸಂಖ್ಯೆಯಿಂದ ಅದರ ರೂಪವನ್ನು ಕಂಡುಹಿಡಿಯುವ ವಿಧಾನಕ್ಕೆ 'ನಷ್ಟ'ವೆಂದೂ, ರೂಪದಿಂದ ಸಂಖ್ಯೆಯನ್ನು ತಿಳಿಯುವುದಕ್ಕೆ 'ಉದ್ದಿಷ್ಟ'ವೆಂದೂ ಹೆಸರು. 'ಗಣೇಶ' ಎಂಬ ಮಾತು ಲಘು, ಗುರು, ಲಘು. ಮೂರು ಸ್ಥಾನಗಳಿಗೆ ಕ್ರಮವಾಗಿ ೧, ೨, ೪ ಎಂದು ಬೆಲೆಯಿಟ್ಟು, ಲಘುಗಳ ಬೆಲೆಯನ್ನು ಕೂಡಿ, ಒಂದು ಸೇರಿಸಿದರೆ ಬರುವುದು ಆರು. ಗಣೇಶನದು ಆರನೆಯ ಸಾಲು. ತಿರುಗಿ ಆರರಿಂದ ಹೊರಡಬಹುದು. ಆರು ಸಮ, ಲಘು, ಅರ್ಧ ಮೂರು. ಮೂರು ವಿಷಮ, ಗುರು. ಒಂದು ಕೂಡಿ ಅರ್ಧಿಸಿದರೆ ಎರಡು. ಎರಡು ಸಮ, ಲಘು. ಮತ್ತೆ ಗಣೇಶನೇ ಬಂದ. ಮೇಷ್ಟರ ತೋಟದಲ್ಲಿ ಏಳನೆಯ ಸಾಲಿನ ಹನ್ನೆರಡರಿಂದ ೧೯೨ಕ್ಕೆ ಹೋದದ್ದು ಉದ್ದಿಷ್ಟ. ೧೯೨ರಿಂದ ಸಾಲಿಗೆ ಮರಳಿದ್ದು ನಷ್ಟ. ಪಿಂಗಳನ ಕಾಲದಿಂದ ನಡೆದುಬಂದ ಈ ವಿದ್ಯೆಯಲ್ಲಿ ಸಂಖ್ಯೆಗೆ ಮುಂಚೆ ಕ್ರಮವನ್ನು ಗೊತ್ತುಮಾಡುವುದೇ ಮೊದಲ ಹೆಜ್ಜೆ. ಗುರುವಿನಿಂದಲ್ಲದೆ ಲಘುವಿನಿಂದ ತೊಡಗಿದ್ದರೆ ಗಣೇಶನ ಸಂಖ್ಯೆ ಬೇರೆಯಾಗುತ್ತಿತ್ತು.

ಆದುದರಿಂದ ತೋಟವಾಗಲಿ, ಪುಸ್ತಕದ ಬೀರುವಾಗಲಿ, ಮಕ್ಕಳು ಪರದೆಯ ಮೇಲೆ ಜೋಡಿಸುವ ಗುಂಡಿಗಳಾಗಲಿ, ನಂಬರು ಕೊಡುವ ಮುನ್ನ ಪುಸ್ತಕದ ಮೊದಲ ಪುಟದಲ್ಲಿ ನಾಲ್ಕು ಮಾತು ಬರೆದಿಡುವುದು ಒಳ್ಳೆಯದು. ಎಣಿಕೆ ಯಾವ ಮೂಲೆಯಿಂದ ತೊಡಗಿತು? ಅಡ್ಡಕ್ಕೆ ಹೋಯಿತೋ, ಉದ್ದಕ್ಕೆ ಇಳಿಯಿತೋ, ಹಾವಿನಂತೆ ತಿರುಗಿತೋ? ಮೊದಲನೆಯದು ಒಂದೋ, ಸೊನ್ನೆಯೋ? ಖಾಲಿ ಜಾಗಕ್ಕೆ ನಂಬರು ಉಂಟೋ, ಇಲ್ಲವೋ? ಈ ನಾಲ್ಕು ತಿಳಿದರೆ ಬರೆದವರು ಎದುರಿಗಿಲ್ಲದಿದ್ದರೂ ಓದುವವರು ದಾರಿ ತಪ್ಪುವುದಿಲ್ಲ.

ಹೊಳಲ್ಕೆರೆಯ ಮೇಷ್ಟರ ಪುಸ್ತಕದಲ್ಲಿ ಈಗ ಆ ಪುಟವಿದೆ. ಚಿತ್ರದುರ್ಗದ ಅಜ್ಜಿಯಾದರೋ ಇನ್ನೂ ಸುಲಭದ ದಾರಿ ಹಿಡಿದಿದ್ದಾರೆ. ಬ್ಯಾಂಕಿನ ಕ್ಯಾಲೆಂಡರಿನ ಮೇಲ್ತುದಿಯಲ್ಲಿ ಮೊಮ್ಮಗನಿಂದ ಎಡದಿಂದ ಬಲಕ್ಕೆ ಒಂದು ಬಾಣದ ಗುರುತು ಹಾಕಿಸಿಕೊಂಡಿದ್ದಾರೆ.